ಚಿಂತೆಯ ತರ್ಕವೂ ಅದರ ಪರೀಕ್ಷೆಯೂ

ಚಿತೆಗೂ ಚಿಂತೆಗೂ ನಡುವೆ ಇರುವುದು ಒಂದು ಬಿಂದುವಿನ ಅಂತರ ಮಾತ್ರವೆಂಬ ಹಳೆಯ ಚಮತ್ಕಾರವನ್ನು ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟೆವು. ಮಕ್ಕಳು ನಕ್ಕರು, ನಾವೂ ನಕ್ಕೆವು. ಆದರೆ ಚಿಂತೆಯು ನಮ್ಮನ್ನೇ ಹಿಡಿದ ದಿನ ಆ ಚಮತ್ಕಾರವು ಕವಡೆಯಷ್ಟೂ ಉಪಯೋಗಕ್ಕೆ ಬರಲಿಲ್ಲ. ರೋಗದ ಕ್ರೌರ್ಯವನ್ನು ವರ್ಣಿಸುವುದು ಬೇರೆ, ಅದಕ್ಕೆ ಔಷಧವನ್ನು ತಿಳಿಸುವುದು ಬೇರೆ. "ಚಿಂತೆ ಮಾಡಬೇಡಿ" ಎಂದು ಹೇಳದ ಬಂಧುಗಳಿಲ್ಲ. ಚಿಂತೆಯನ್ನು ಬಿಡುವುದು ಹೇಗೆಂದು ಹೇಳಿಕೊಡುವವರು ವಿರಳ. ಆ 'ಹೇಗೆ' ಎಂಬುದರ ವಿಷಯವಾಗಿ ಅನುಭವದಿಂದ ಕಲಿತ ನಾಲ್ಕು ಮಾತುಗಳನ್ನು ವಾಚಕ ಮಹಾಶಯರ ಮುಂದೆ, ವಿಶೇಷವಾಗಿ ಮನೆಯ ಭಾರವನ್ನು ಹೊತ್ತು ರಾತ್ರಿ ನಿದ್ರೆಗೆಡುವ ಗೃಹಿಣಿಯರ ಮುಂದೆ, ಇಡುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಕಥೆಯನ್ನು ಹೇಳಿಬಿಡುವೆವು. 2023ನೆಯ ಇಸವಿಯ ಜುಲೈ ತಿಂಗಳು. ನಾವು ನಿವೃತ್ತರಾಗಿ ಒಂದು ವರ್ಷ ಕಳೆದಿತ್ತು. ಉಡುಪಿಯಲ್ಲಿರುವ ತಂಗಿಯನ್ನು ನೋಡಿಬರಲು ತೀರ್ಥಹಳ್ಳಿಯಿಂದ ಹೊರಟ ಸಣ್ಣ ಬಸ್ಸಿನಲ್ಲಿ ನಾವೂ ನಮ್ಮ ಮನೆಯವರೂ ಕುಳಿತಿದ್ದೆವು. ಆಗುಂಬೆಯನ್ನು ದಾಟಿ ಘಟ್ಟವನ್ನು ಇಳಿಯಲಾರಂಭಿಸಿದಾಗ ಮಂಜು ಕವಿದು ಹತ್ತು ಮಾರು ಮುಂದೆ ಕಾಣದಂತಾಗಿತ್ತು. ಆ ಘಟ್ಟದಲ್ಲಿ 14 ಕಡಿದಾದ ತಿರುವುಗಳುಂಟು. ಐದನೆಯದರಲ್ಲೋ ಆರನೆಯದರಲ್ಲೋ, ಎದುರಿನ ವಾಹನಕ್ಕೆ ದಾರಿಬಿಡಲು ಬಸ್ಸು ನಿಂತಿತು. ಆ ಕ್ಷಣದಲ್ಲಿ ನಮ್ಮ ಎದೆ ಡವಡವನೆ ಹೊಡೆದುಕೊಳ್ಳತೊಡಗಿತು, ಅಂಗೈ ಬೆವರಿತು, ಬೆರಳ ತುದಿಗಳು ಜುಮ್ಮೆಂದವು. "ಇದೇ ಕೊನೆ" ಎಂದು ಮನಸ್ಸು ತೀರ್ಪು ಕೊಟ್ಟುಬಿಟ್ಟಿತು. ಸೋಮೇಶ್ವರದಲ್ಲಿ ಇಳಿದು ಬಾಡಿಗೆಯ ಕಾರು ಹಿಡಿದು ಆಸ್ಪತ್ರೆಗೆ ಹೋದೆವು. ಇ.ಸಿ.ಜಿ. ತೆಗೆದರು, ರಕ್ತವನ್ನು ಪರೀಕ್ಷಿಸಿದರು, ಥೈರಾಯ್ಡ್ ದೋಷವುಂಟೋ ಎಂದೂ ನೋಡಿದರು. ದೇಹದಲ್ಲಿ ಯಾವ ಕೊರತೆಯೂ ಕಾಣಲಿಲ್ಲ.

ಕಾಣಲಿಲ್ಲವೆಂದ ಮಾತ್ರಕ್ಕೆ ಭಯವು ಹೋಗಲಿಲ್ಲ. ಮೊದಲು ಘಟ್ಟದ ಬಸ್ಸನ್ನು ಬಿಟ್ಟೆವು; ಆಮೇಲೆ ಎಲ್ಲ ಬಸ್ಸುಗಳನ್ನೂ ಬಿಟ್ಟೆವು; ಆಮೇಲೆ ಸೋಮವಾರದ ಸಂತೆಯನ್ನೂ ಬಿಟ್ಟೆವು. ಆ ವರ್ಷದ ನವೆಂಬರಿನಲ್ಲಿ ತಂಗಿಯ ಮಗಳ ವಿವಾಹ. ವಧುವನ್ನು ಸೋದರಮಾವನು ಮಂಟಪಕ್ಕೆ ಕರೆತರುವುದು ನಮ್ಮಲ್ಲಿ ಸಂಪ್ರದಾಯ. ಮೊಣಕಾಲು ನೋವೆಂದು ಸುಳ್ಳು ಹೇಳಿ ನಾವು ಹೋಗಲಿಲ್ಲ. ಮದುವೆಯ ಮರುದಿನ ತಂಗಿಯು ದೂರವಾಣಿಯಲ್ಲಿ ಮಾತನಾಡಿ, "ಅಣ್ಣಯ್ಯ, ಮೊಣಕಾಲು ಈಗ ಹೇಗಿದೆ?" ಎಂದಷ್ಟೇ ಕೇಳಿದಳು. ಆ ಪ್ರಶ್ನೆಗೆ ಉತ್ತರ ಕೊಡುವಾಗ ಆದ ನಾಚಿಕೆಯೇ ನಮ್ಮನ್ನು ಶಿವಮೊಗ್ಗದ ಒಬ್ಬ ಮನೋವೈದ್ಯರ ಬಳಿಗೆ ಕರೆದೊಯ್ದಿತು.

ಅವರು ತಿಳಿಸಿದ ಚಿಕಿತ್ಸೆಗೆ ಕಾಗ್ನಿಟಿವ್ ಥೆರಪಿ ಎಂದು ಹೆಸರು. 'ಆಲೋಚನೆಯನ್ನು ಶೋಧಿಸುವ ಚಿಕಿತ್ಸೆ' ಎಂದು ನಾವು ಕನ್ನಡಿಸಿಕೊಂಡಿದ್ದೇವೆ. ಅಮೆರಿಕೆಯ ಇಬ್ಬರು ಇದರ ಆದ್ಯರು. ಮೊದಲನೆಯವರು ನ್ಯೂಯಾರ್ಕ್ ನಗರದ ಆಲ್ಬರ್ಟ್ ಎಲ್ಲಿಸ್. ಘಟನೆಗಳಿಗಿಂತಲೂ ಅವುಗಳ ವಿಷಯದಲ್ಲಿ ನಾವು ತಳೆಯುವ ಅಭಿಪ್ರಾಯವೇ ನಮ್ಮನ್ನು ಕಲಕುವುದೆಂಬ ಎಪಿಕ್ಟೀಟಸನೆಂಬ ಪ್ರಾಚೀನ ತತ್ತ್ವಜ್ಞನ ವಿಚಾರವನ್ನು ಹಿಡಿದು ಅವರು 1955ರ ಸುಮಾರಿಗೆ ತಮ್ಮ ಪದ್ಧತಿಯನ್ನು ಆರಂಭಿಸಿದರು. ಎರಡನೆಯವರು ಫಿಲಡೆಲ್ಫಿಯಾದ ಆರನ್ ಬೆಕ್. 1921ರಲ್ಲಿ ಹುಟ್ಟಿ ನೂರು ವರ್ಷ ಬಾಳಿ 2021ರಲ್ಲಿ ತೀರಿಕೊಂಡ ಈ ವೈದ್ಯರು, 1960ರ ದಶಕದಲ್ಲಿ ರೋಗಿಗಳ ಮಾತನ್ನು ಕೇಳುತ್ತ ಒಂದು ಸೂಕ್ಷ್ಮವನ್ನು ಕಂಡರು. ಬಾಯಿಯ ಮಾತಿನ ಹಿಂದೆ, ಮಿಂಚಿನಂತೆ ಹೊಳೆದು ಹೋಗುವ ಇನ್ನೊಂದು ಮಾತು ಮನಸ್ಸಿನಲ್ಲಿ ನಡೆದಿರುತ್ತದೆ: "ನನ್ನಿಂದಾಗದು", "ಏನೋ ಕೇಡು ಕಾದಿದೆ". ಯಾರೂ ಕರೆಯದೆ ಅದು ತಾನಾಗಿಯೇ ಬರುವುದು. ಸತ್ಯವೇ ಎಂದು ಯಾರೂ ಅದನ್ನು ಕೇಳುವುದಿಲ್ಲ. ಅದನ್ನು ಹಿಡಿದು ನಿಲ್ಲಿಸಿ ಪ್ರಶ್ನಿಸುವುದೇ ಈ ಚಿಕಿತ್ಸೆಯ ಹೃದಯ.

ಇಲ್ಲಿ ದೇಹದ ಧರ್ಮವನ್ನೂ ಸ್ವಲ್ಪ ತಿಳಿಯತಕ್ಕದ್ದು. ಅಪಾಯವಿದೆಯೆಂದು ಮನಸ್ಸು ಸಾರಿದೊಡನೆ ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರುವುದು. ಹೃದಯವು ವೇಗವಾಗಿ ಬಡಿಯುವುದು, ಉಸಿರಾಟ ತೀವ್ರವಾಗುವುದು. ಹಾವನ್ನು ಕಂಡು ಓಡಬೇಕಾದವನಿಗೆ ಇದು ದೈವದತ್ತವಾದ ಸಹಾಯ. ಕುಳಿತಲ್ಲೇ ಉಸಿರಾಟ ಅತಿಯಾದರೆ ರಕ್ತದಲ್ಲಿರುವ ಇಂಗಾಲಾಮ್ಲವಾಯು ಕಡಿಮೆಯಾಗಿ ತಲೆ ಸುತ್ತುವುದು, ಬೆರಳು ಜುಮ್ಮೆನ್ನುವುದು. ಇದನ್ನು ಕಂಡ ಮನಸ್ಸು ಇನ್ನಷ್ಟು ಹೆದರುವುದು. ಹೆದರಿದ್ದರಿಂದ ಎದೆ ಇನ್ನಷ್ಟು ಬಡಿಯುವುದು. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುವುದು. ಆದರೂ ಈ ದಿಗಿಲಿನ ಹೊಡೆತವು ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತುತ್ತತುದಿಗೇರಿ ತಾನಾಗಿಯೇ ಇಳಿಯತಕ್ಕದ್ದು. ಇದನ್ನು ಅರಿಯದವನು ಅದು ಇಳಿಯುವ ಮುನ್ನವೇ ಓಡಿಹೋಗಿ, ಓಡಿದ್ದರಿಂದ ಬದುಕಿದೆನೆಂದು ತಿಳಿಯುವನು. ನಾವು ತಿಳಿದದ್ದೂ ಹಾಗೆಯೇ.

ವೈದ್ಯರು ನಮಗೆ ಕೊಟ್ಟ ಮೊದಲನೆಯ ಸಾಧನ ಒಂದು ಬರೆಯುವ ಪುಸ್ತಕ. ಹಾಳೆಯನ್ನು ಐದು ಭಾಗ ಮಾಡಿ, ನಡೆದ ಪ್ರಸಂಗ, ಮನಸ್ಸು ಆಡಿದ ಮಾತು, ಅದರಲ್ಲಿ ನೂರಕ್ಕೆ ಎಷ್ಟು ನಂಬಿಕೆ, ಆ ಮಾತಿಗೆ ಸಾಧಕವಾದ ಮತ್ತು ಬಾಧಕವಾದ ಸಂಗತಿಗಳು, ಎಲ್ಲವನ್ನೂ ತೂಗಿದ ಮೇಲೆ ಉಳಿದ ಮಾತು, ಇವನ್ನು ಬರೆಯಬೇಕು. ಬರೆಯಲೇಬೇಕು, ಮನಸ್ಸಿನಲ್ಲಿ ಎಣಿಸಿಕೊಂಡರೆ ಸಾಲದು. ಮನಸ್ಸಿನಲ್ಲಿ ಬೆಟ್ಟವಾಗಿದ್ದ ಮಾತು ಕಾಗದದ ಮೇಲೆ ಒಂದು ಸಾಲಾಗುವುದು.

ಮೊದಲ ಹಾಳೆಯನ್ನು ಬರೆದು ನೋಡಿದಾಗ ನಮಗೆ ಆಶ್ಚರ್ಯವಾಯಿತು. ಬಾಲ್ಯದಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರು ನಾವು. ನಮ್ಮ ಚಿಂತೆಯು ಒಂದು ಅನುಮಾನದ ರೂಪದಲ್ಲಿಯೇ ಕುಳಿತಿತ್ತು: ಎದೆ ಬಡಿಯುತ್ತಿದೆ, ಆದಕಾರಣ ಹೃದಯವು ನಿಲ್ಲುವುದು. ಹೊಗೆಯಿದ್ದಲ್ಲಿ ಬೆಂಕಿಯಿರುವುದೆಂಬಂತೆ, ಎದೆಬಡಿತವಿದ್ದಲ್ಲೆಲ್ಲ ಹೃದಯಾಘಾತವಿರುವುದೆಂಬ ವ್ಯಾಪ್ತಿ ಇದ್ದರಲ್ಲವೆ ಈ ಅನುಮಾನ ಸಲ್ಲುವುದು? ಮಹಡಿ ಹತ್ತಿದಾಗ ಎದೆ ಬಡಿದಿತ್ತು. ಮಗನ ಪರೀಕ್ಷೆಯ ಫಲಿತಾಂಶದ ದಿನ ಬಡಿದಿತ್ತು. ಆವಾಗಲೆಲ್ಲ ಹೃದಯವೇನೂ ನಿಲ್ಲಲಿಲ್ಲ. ಸಾಧ್ಯವಿಲ್ಲದ ಕಡೆಯೂ ಇರುವ ಹೇತುವನ್ನು ಸವ್ಯಭಿಚಾರವೆಂಬ ಹೇತ್ವಾಭಾಸವೆಂದು ನಾವೇ ಮಕ್ಕಳಿಗೆ ಬಿಡಿಸಿ ಹೇಳಿದ್ದೆವು. ಇನ್ನು ಕೆಲವು ಚಿಂತೆಗಳಲ್ಲಿ ಹೇತುವೇ ಅಸಿದ್ಧ. ನೆರೆಯವರು ನಮ್ಮನ್ನು ನೋಡಿಯೂ ಮಾತಾಡಿಸಲಿಲ್ಲ, ಆದುದರಿಂದ ಕೋಪಗೊಂಡಿದ್ದಾರೆ ಎಂದುಕೊಳ್ಳುತ್ತೇವೆ. ಅವರು ನಮ್ಮನ್ನು ನೋಡಿಯೇ ಇರುವುದಿಲ್ಲ. ಬೆಟ್ಟದ ಮೇಲಿನ ಮಂಜನ್ನು ಹೊಗೆಯೆಂದು ತಿಳಿದು ಬೆಂಕಿಯನ್ನು ಊಹಿಸಿದವನ ಪಾಡು ಇದು. ಪರರ ಮನಸ್ಸನ್ನು ಓದಿದೆವೆಂದು ತಿಳಿಯುವುದು, ಆಗಬಹುದಾದುದರಲ್ಲಿ ಅತ್ಯಂತ ಕೆಟ್ಟದ್ದೇ ಆಗುವುದೆಂದು ನಿಶ್ಚಯಿಸುವುದು, ಒಮ್ಮೆ ತಪ್ಪಿದರೆ ಎಲ್ಲವೂ ಹೋಯಿತೆನ್ನುವುದು: ಇವು ಚಿಂತೆಯ ನಿತ್ಯದ ಹೇತ್ವಾಭಾಸಗಳು.

ಮನೆವಾರ್ತೆಯ ಉದಾಹರಣೆ ಬೇಕೆನ್ನುವವರಿಗಾಗಿ, ನಮ್ಮ ಮನೆಯವರ ಪುಸ್ತಕದಿಂದ ಅವರ ಅನುಮತಿ ಪಡೆದು ಒಂದು ಹಾಳೆಯನ್ನು ಕೊಡುತ್ತೇವೆ. ಪ್ರಸಂಗ: ಬೆಂಗಳೂರಿನಲ್ಲಿರುವ ಮಗ ರಾತ್ರಿ ಎಂಟು ಗಂಟೆಗೆ ಫೋನು ಎತ್ತಲಿಲ್ಲ. ಮನಸ್ಸಿನ ಮಾತು: ದಾರಿಯಲ್ಲಿ ಅಪಘಾತವಾಗಿದೆ. ನಂಬಿಕೆ: ನೂರಕ್ಕೆ 90. ಸಾಧಕ: ಅವನು ಸ್ಕೂಟರಿನಲ್ಲಿ ಓಡಾಡುವನು; ಮಳೆ ಬರುತ್ತಿದೆ. ಬಾಧಕ: ಹಿಂದೆಯೂ ಎಷ್ಟೋ ಸಲ ಎತ್ತಲಿಲ್ಲ, ಪ್ರತಿಸಲವೂ ಕೆಲಸದಲ್ಲಿದ್ದನು, ಇಲ್ಲವೆ ನಿದ್ರಿಸಿದ್ದನು, ಸ್ಕೂಟರು ಓಡಿಸುವಾಗ ಫೋನು ಎತ್ತಬಾರದೆಂದು ಹೇಳಿದವಳು ನಾನೇ. ಉಳಿದ ಮಾತು: ಫೋನು ಎತ್ತಲಿಲ್ಲವೆಂಬುದಷ್ಟೇ ನಿಜ, ಒಂಬತ್ತೂವರೆಗೆ ಮತ್ತೊಮ್ಮೆ ಮಾಡುವೆ, ಅಷ್ಟರಲ್ಲಿ ದೋಸೆಗೆ ಅಕ್ಕಿ ರುಬ್ಬಿಡುವೆ. ನಂಬಿಕೆ 30ಕ್ಕೆ ಇಳಿಯಿತು. ಸೊನ್ನೆಗೆ ಇಳಿಯಲಿಲ್ಲ, ಇಳಿಯಬೇಕಾಗಿಯೂ ಇಲ್ಲ.

ಈ ಕೊನೆಯ ಮಾತನ್ನು ವಾಚಕರು ಮನಸ್ಸಿಟ್ಟು ನೋಡಬೇಕು. ಕೆಟ್ಟ ಯೋಚನೆ ಬಂದಾಗ ಅದಕ್ಕೆ ವಿರುದ್ಧವಾದುದನ್ನು ಭಾವಿಸಬೇಕೆಂದು ಪತಂಜಲಿಯ ಯೋಗಸೂತ್ರಗಳಲ್ಲಿ ಪ್ರತಿಪಕ್ಷಭಾವನೆಯೆಂಬ ಉಪಾಯವಿದೆ. ಅದಕ್ಕೂ ಇದಕ್ಕೂ ನೆಂಟಸ್ತಿಕೆಯುಂಟು. ಎರಡೂ ಒಂದೇ ಅಲ್ಲ. "ಎಲ್ಲವೂ ಒಳ್ಳೆಯದೇ ಆಗುವುದು" ಎಂದು ಹೇಳಿಕೊಳ್ಳುವುದೂ ಒಂದು ಊಹೆಯೇ. ಪ್ರಮಾಣವಿಲ್ಲದ ಸಿಹಿಯೂಹೆಯನ್ನು ಮನಸ್ಸು ರಾತ್ರಿ ಎರಡು ಗಂಟೆಗೆ ನಂಬುವುದಿಲ್ಲ. ಇಲ್ಲಿ ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಪ್ರಮಾಣವೇನು? ನಿಜವಾಗಿಯೂ ಕಷ್ಟವಿದ್ದರೆ, ಸಾಲವೋ ಕಾಯಿಲೆಯೋ ಇದ್ದರೆ, ಪುಸ್ತಕವು ಅದನ್ನು ಮರೆಮಾಚುವುದಿಲ್ಲ. ನಾಳೆ ಮಾಡತಕ್ಕ ಕೆಲಸವನ್ನು ತೋರಿಸುವುದು.

ಎರಡನೆಯ ಸಾಧನ ಚಿಂತೆಗೆ ಹೊತ್ತು ಗೊತ್ತುಮಾಡುವುದು. ದಿನವೂ ಸಂಜೆ ಒಂದೇ ಸ್ಥಳದಲ್ಲಿ ಅರ್ಧ ಗಂಟೆ ಕುಳಿತು ಚಿಂತಿಸಬೇಕು. ಉಳಿದ ವೇಳೆಯಲ್ಲಿ ಬಂದ ಚಿಂತೆಯನ್ನು ಒಂದು ಸಾಲಿನಲ್ಲಿ ಬರೆದು "ಸಂಜೆ ಬಾ" ಎಂದು ಕಳುಹಿಸಬೇಕು. ಕೇಳಿದಾಗ ನಮಗೆ ನಗು ಬಂದಿತು. ಆದರೆ ಬರಬೇಡವೆಂದರೆ ಬರುವ ಅತಿಥಿ, ಹೊತ್ತು ಗೊತ್ತುಮಾಡಿ ಕರೆದರೆ ಬಾರದಿರುವುದುಂಟು. ಸಂಜೆಗೆ ಪಟ್ಟಿಯನ್ನು ತೆಗೆದಾಗ ಬೆಳಗಿನ ಎಷ್ಟೋ ಚಿಂತೆಗಳು ತೊಟ್ಟು ಕಳಚಿದ ಹೂವಿನಂತೆ ಒಣಗಿರುತ್ತಿದ್ದವು. ಮಲಗುವ ಹೊತ್ತಿಗೆ ಸಮೀಪವಾಗಿ ಮಾತ್ರ ಇದನ್ನು ಇಟ್ಟುಕೊಳ್ಳತಕ್ಕದ್ದಲ್ಲ.

ಮೂರನೆಯದೂ ಕಠಿನವಾದುದೂ ಭಯದ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುವುದು. ಎಲ್ಲಿಸ್ ಅವರು ಯೌವನದಲ್ಲಿ ಬಹು ಸಂಕೋಚದವರು. ಅಪರಿಚಿತ ಸ್ತ್ರೀಯರೊಡನೆ ಮಾತನಾಡಲಾರದ ಈ ಭಯವನ್ನು ಕಳೆಯಲು, ಹತ್ತೊಂಬತ್ತನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಸಸ್ಯೋದ್ಯಾನಕ್ಕೆ ಒಂದು ತಿಂಗಳು ಹೋಗಿ, ಬೆಂಚಿನ ಮೇಲೆ ಕುಳಿತಿದ್ದ ನೂರು ಮಂದಿಯನ್ನು ಮಾತನಾಡಿಸಿದೆನೆಂದು ಅವರೇ ಹೇಳಿಕೊಂಡಿದ್ದಾರೆ. ಒಬ್ಬಾಕೆ ಮತ್ತೆ ಭೇಟಿಯಾಗಲು ಒಪ್ಪಿದಳು, ಆಕೆಯೂ ಬರಲಿಲ್ಲ. ಆದರೆ ಯಾರೂ ಪೋಲೀಸರನ್ನು ಕರೆಯಲಿಲ್ಲ, ಆಕಾಶವೂ ಕಳಚಿ ಬೀಳಲಿಲ್ಲ, ಭಯವು ಹೋಯಿತು. ಪುಸ್ತಕದ ಪ್ರಮಾಣಕ್ಕಿಂತ ಪ್ರತ್ಯಕ್ಷಪ್ರಮಾಣವು ಬಲವಾದುದು.

ನಮ್ಮ ಮೆಟ್ಟಿಲುಗಳು ಹೀಗಿದ್ದವು. ಮೊದಲು ತೀರ್ಥಹಳ್ಳಿಯ ನಿಲ್ದಾಣದಲ್ಲಿ ನಿಂತ ಬಸ್ಸನ್ನು ಹತ್ತಿ ಕುಳಿತು, ಹೊರಡುವ ಮುನ್ನ ಇಳಿಯುವುದು. ಆಮೇಲೆ ಮೇಗರವಳ್ಳಿಯ ವರೆಗೆ; ಆಮೇಲೆ ಆಗುಂಬೆಯ ವರೆಗೆ; ಆಮೇಲೆ ಘಟ್ಟವಿಳಿದು ಸೋಮೇಶ್ವರಕ್ಕೆ. ಒಂದು ಮೆಟ್ಟಿಲಿನಲ್ಲಿ ಭಯವು ಅರ್ಧಕ್ಕಾದರೂ ಇಳಿಯುವ ತನಕ ಮುಂದಿನದಕ್ಕೆ ಕಾಲಿಡಲಿಲ್ಲ. ಊರುಗೋಲುಗಳನ್ನೂ ಬಿಡಬೇಕೆಂದು ವೈದ್ಯರು ಹೇಳಿದ್ದರು. ಜೇಬಿನಲ್ಲಿ ಮಾತ್ರೆಯ ಡಬ್ಬಿ, ಕೈಯಲ್ಲಿ ನೀರಿನ ಶೀಷೆ, ಬಾಗಿಲಿನ ಪಕ್ಕದ ಆಸನ, ನಿಮಿಷಕ್ಕೊಮ್ಮೆ ನಾಡಿ ಹಿಡಿದು ನೋಡುವುದು, ಇವುಗಳಿಂದಲೇ ಬದುಕಿದೆವೆಂದು ಮನಸ್ಸು ಲೆಕ್ಕ ಹಾಕುವುದಂತೆ. 2024ರ ಫೆಬ್ರವರಿಯಲ್ಲಿ ಆಗುಂಬೆಯ ಮೆಟ್ಟಿಲಿನಲ್ಲಿ ನಾವು ಜಾರಿದೆವು. ಗುಡ್ಡೇಕೇರಿಯಲ್ಲಿಯೇ ಇಳಿದು ರಸ್ತೆಯ ಬದಿಯಲ್ಲಿ ಕುಳಿತೆವು. ಆ ದಿನದ ಹಾಳೆಯಲ್ಲಿ "ಎಲ್ಲವೂ ವ್ಯರ್ಥವಾಯಿತು" ಎಂದು ಬರೆದಿದ್ದೇವೆ. ಅದರ ಪಕ್ಕದಲ್ಲಿ ಬಾಧಕವಾಗಿ, "ಮೇಗರವಳ್ಳಿಯನ್ನು ದಾಟಿದೆವು" ಎಂದೂ ಬರೆದಿದ್ದೇವೆ. ಮರುವಾರ ಮತ್ತೆ ಹತ್ತಿದೆವು.

ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ದೋಷಕ್ಕೆ ಗುರಿಯಾಗುವೆವು. ಎದೆನೋವು, ಎದೆಬಡಿತ, ಉಸಿರುಕಟ್ಟು ಮೊದಲ ಸಲ ಬಂದಾಗ ಅದನ್ನು ಚಿಂತೆಯೆಂದು ತಾವೇ ನಿರ್ಣಯಿಸದೆ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ವಾರಗಟ್ಟಲೆ ನಿದ್ರೆ, ಊಟ, ಕೆಲಸಗಳು ಕೆಟ್ಟಿದ್ದರೆ, ಬದುಕೇ ಬೇಡವೆಂಬ ಯೋಚನೆ ಒಮ್ಮೆ ಸುಳಿದರೂ, ಪುಸ್ತಕವನ್ನು ನಂಬಿ ಕೂರದೆ ತಿಳಿದವರ ನೆರವನ್ನು ಪಡೆಯಬೇಕು. ಕೆಲವರಿಗೆ ಔಷಧವೂ ಬೇಕಾಗುವುದು. ಅದರಲ್ಲಿ ಅವಮಾನವೇನೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ಚಿಕಿತ್ಸೆಯುಂಟು. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ವ್ಯವಸ್ಥೆಯಲ್ಲಿ, 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುವುದು, ಅದಕ್ಕೆ ಶುಲ್ಕವಿಲ್ಲ.

ಆ ವರ್ಷದ ಏಪ್ರಿಲಿನಲ್ಲಿ ನಾವು ಉಡುಪಿಗೆ ಹೋದೆವು. ಘಟ್ಟದ ಮೂರನೆಯ ತಿರುವಿನಲ್ಲಿ ಎದೆ ಬಡಿಯಿತು. ಬಡಿಯಲೆಂದು ಬಿಟ್ಟು, ಕಿಟಕಿಯಿಂದ ಹೊರಗೆ ನೋಡಿದೆವು. ಹತ್ತನೆಯ ತಿರುವಿನ ಹೊತ್ತಿಗೆ ಅದು ದಣಿದು ಸುಮ್ಮನಾಗಿತ್ತು. ತಂಗಿಯ ಮನೆಯ ಜಗುಲಿಯಲ್ಲಿ ಚೀಲವನ್ನು ಇಳಿಸುತ್ತಲೇ, ಮದುವೆಯ ಕಾಲದಲ್ಲಿ ಮೊಣಕಾಲಿಗೆ ಏನೂ ಆಗಿರಲಿಲ್ಲವೆಂದು ಹೇಳಿಬಿಟ್ಟೆವು. ಅವಳು ನಮ್ಮ ಮುಖವನ್ನೊಮ್ಮೆ ನೋಡಿ, "ಮೊದಲು ಕೈಕಾಲು ತೊಳೆದುಕೊಂಡು ಬಾ ಅಣ್ಣಯ್ಯ, ಊಟಕ್ಕೆ ಹೊತ್ತಾಯಿತು" ಎಂದಳು.

ಚಿಂತೆಯು ನಮ್ಮನ್ನು ಪೂರ್ತಿಯಾಗಿ ಬಿಟ್ಟುಹೋಗಿದೆಯೆಂದು ನಾವು ಹೇಳಲಾರೆವು. ಈಗಲೂ ಆಗಾಗ ಬಂದು ಬಾಗಿಲು ತಟ್ಟುವುದು. ಬಂದರೆ ಪುಸ್ತಕವನ್ನು ತೆಗೆದು, ಪಾಠ ಒಪ್ಪಿಸಲು ಬಂದ ವಿದ್ಯಾರ್ಥಿಯನ್ನು ಕೇಳುವಂತೆ, "ಪ್ರಮಾಣವೇನು, ಹೇಳು" ಎಂದು ಕೇಳುತ್ತೇವೆ. ಹೆಚ್ಚಾಗಿ ಅದು ಉತ್ತರವಿಲ್ಲದೆ ನಿಲ್ಲುತ್ತದೆ. ವಾಚಕರೂ ಈ ದಿನವೇ ಎರಡು ಕಾಸಿನ ಕಾಗದವನ್ನು ತೆಗೆದುಕೊಂಡು, ತಮ್ಮನ್ನು ಕಾಡುವ ಒಂದೇ ಒಂದು ಚಿಂತೆಯನ್ನು ಅದರ ಮೇಲೆ ಬರೆದು ಈ ಪ್ರಶ್ನೆಯನ್ನು ಕೇಳಿ ನೋಡಲಿ.