ಫುಗಾಜಿ ಮೇಳವೂ ಅದರ ಅಭಿಮಾನಿಗಳೂ

ಇಂಗ್ಲಿಷಿನ 'ಫ್ಯಾನ್' ಎಂಬ ಶಬ್ದವು 'ಫೆನಾಟಿಕ್' ಎಂಬುದರ ಮೊಟಕುರೂಪವೆಂದು ನಿಘಂಟುಕಾರರು ಹೇಳುವರು. ಇದರ ಮೂಲ ಲ್ಯಾಟಿನ್ ಭಾಷೆಯ 'ಫಾನುಮ್'. ದೇವಾಲಯವೆಂದು ಅದರ ಅರ್ಥ. ದೇವಾಲಯದಲ್ಲಿ ಆವೇಶಗೊಂಡವನು, ಮೈಮೇಲೆ ದೇವರು ಬಂದವನು ಎಂಬ ಅರ್ಥದಿಂದ ಹೊರಟ ಮಾತು ಮತಾಂಧನೆಂಬ ನಿಂದೆಗೆ ಇಳಿದು, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಬೇಸ್‌ಬಾಲ್ ಪ್ರೇಕ್ಷಕರಿಗೆ ಅಂಟಿಕೊಂಡು, ಅಲ್ಲಿಂದ ಮುಂದೆ ಸಂಗೀತಪ್ರಿಯರಿಗೂ ಸಂದಿತು. ಕನ್ನಡದ 'ಅಭಿಮಾನಿ' ಎಂಬ ಮಾತಿನ ಚರಿತ್ರೆ ಬೇರೆ. ಸಾಂಖ್ಯರಲ್ಲಿ ಅಭಿಮಾನವೆಂಬುದು ಅಹಂಕಾರದ ಲಕ್ಷಣ. 'ನಾನು', 'ನನ್ನದು' ಎಂಬ ಬುದ್ಧಿ. ಆ ಮಮಕಾರವೇ ಕನ್ನಡದಲ್ಲಿ ಮೃದುವಾಗಿ, ಪ್ರೀತಿ ಗೌರವಗಳ ಅರ್ಥವನ್ನು ತಾಳಿತು. ರಾಜಕುಮಾರರು ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಸಂಬೋಧಿಸುತ್ತಿದ್ದುದು ಸರ್ವವಿದಿತ. ಲ್ಯಾಟಿನ್ನಿನಲ್ಲಿ ದೇವರ ಮುಂದೆ ಕುಣಿದವನು ಇಲ್ಲಿ ತಾನೇ ದೇವರಾದುದು ಶಬ್ದಾರ್ಥವಿಲಾಸಗಳಲ್ಲಿ ಒಂದು.

ಆವೇಶವೊಂದು, ಮಮತೆಯೊಂದು, ಅಭಿಮಾನಿಯಲ್ಲಿ ಎರಡೂ ಉಂಟು. ಈ ಎರಡರ ನಡುವೆ ರಸಾಸ್ವಾದಕ್ಕೆ ಎಡೆಯಿದೆಯೇ ಎಂಬುದು ಸಾಹಿತ್ಯಮೀಮಾಂಸಕರಿಗೆ ವಿಚಾರಾರ್ಹವಾದ ಪ್ರಶ್ನೆ. ಅದನ್ನು ಪರೀಕ್ಷಿಸಲು ಅಮೆರಿಕದ ವಾಷಿಂಗ್ಟನ್ ನಗರದ 'ಫುಗಾಜಿ' ಎಂಬ ರಾಕ್ ಮೇಳಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಏಕೆಂದರೆ, ಅಭಿಮಾನಿಗೂ ಗಾಯಕನಿಗೂ ಇರತಕ್ಕ ಸಂಬಂಧವೇನೆಂಬುದನ್ನು ಈ ಮೇಳದವರು ಹದಿನೈದು ವರ್ಷಗಳ ಕಾಲ ವೇದಿಕೆಯ ಮೇಲೆಯೇ ಚರ್ಚಿಸಿದರು.

ಈ ಬಗೆಯ ಸಂಗೀತಕ್ಕೆ 'ಇಂಡಿ ರಾಕ್' ಎಂದು ಹೆಸರು. ಇಂಡಿಯಾ ದೇಶಕ್ಕೂ ಈ ಮಾತಿಗೂ ಯಾವ ಸಂಬಂಧವೂ ಇಲ್ಲ; 'ಇಂಡಿಪೆಂಡೆಂಟ್', ಎಂದರೆ ಸ್ವತಂತ್ರ, ಎಂಬುದರ ಸಂಕ್ಷೇಪವಿದು. ದೊಡ್ಡ ಕಂಪೆನಿಗಳ ಹಂಗಿಲ್ಲದೆ ಸಣ್ಣ ಸಂಸ್ಥೆಗಳ ಮೂಲಕ ಧ್ವನಿಮುದ್ರಿಕೆಗಳನ್ನು ಹೊರತರುವುದು ಎಂಬ ವ್ಯಾಪಾರಕ್ರಮವನ್ನು ಸೂಚಿಸುತ್ತಿದ್ದ ಹೆಸರು ಬರಬರುತ್ತ ಒಂದು ಶೈಲಿಯ ಹೆಸರಾಯಿತು. ಫುಗಾಜಿಯ ಮಟ್ಟಿಗಾದರೋ ಮೊದಲನೆಯ ಅರ್ಥವೇ ಕೊನೆಯವರೆಗೂ ನಿಂತಿತು. ಮೇಳದ ಇಯನ್ ಮೆಕ್ಕೇ 1980ರಲ್ಲಿ ಗೆಳೆಯರೊಡನೆ 'ಡಿಸ್ಕಾರ್ಡ್' ಎಂಬ ಸಂಸ್ಥೆಯನ್ನು ಕಟ್ಟಿದ್ದನು. ತಮ್ಮ ಹಿಂದಿನ ಮೇಳವೊಂದರ ಹಾಡುಗಳನ್ನು ಅಚ್ಚುಹಾಕಿಸುವುದಷ್ಟೇ ಆಗಿನ ಉದ್ದೇಶ. ಫುಗಾಜಿಯ ಮೊದಲ ಕಚೇರಿ ನಡೆದುದು 1987ರ ಸೆಪ್ಟೆಂಬರ್ 3ರಂದು, ವಾಷಿಂಗ್ಟನ್ನಿನ ವಿಲ್ಸನ್ ಸೆಂಟರಿನಲ್ಲಿ. ಅಂದು ಮೆಕ್ಕೇ, ಜೋ ಲ್ಯಾಲಿ, ಬ್ರೆಂಡನ್ ಕ್ಯಾಂಟಿ ಎಂಬ ಮೂವರೇ ಇದ್ದರು; ಗೀ ಪಿಚಾಟೋ ಅನಂತರ ಸೇರಿದನು. ಮೇಳದ ಹೆಸರು ವಿಯೆಟ್ನಾಮ್ ಯುದ್ಧದ ಸೈನಿಕರ ಆಡುಮಾತಿನಿಂದ ತೆಗೆದದ್ದು. ಕೆಟ್ಟುಹೋದ ಸ್ಥಿತಿ ಎಂದು ಅದರ ತಾತ್ಪರ್ಯ.

ಇವರ ನಿಯಮಗಳು ಕೆಲವು. ಕಚೇರಿಯ ಪ್ರವೇಶಶುಲ್ಕ ಸಾಮಾನ್ಯವಾಗಿ 5 ಡಾಲರು. ಕೊನೆಯ ವರ್ಷಗಳಲ್ಲಿ ಕೆಲವೆಡೆ ಸ್ವಲ್ಪ ಹೆಚ್ಚಿದ್ದುಂಟು. ಎಲ್ಲ ವಯಸ್ಸಿನವರಿಗೂ ಪ್ರವೇಶವಿರತಕ್ಕದ್ದು. ಮದ್ಯದಂಗಡಿಗಳಲ್ಲಿ ನಡೆಯುವ ಸಂಗೀತಕ್ಕೆ ಹುಡುಗರು ಹೋಗುವಂತಿರಲಿಲ್ಲವಾದ್ದರಿಂದ ಇದು ದೊಡ್ಡ ಮಾತು. ಮೇಳದ ಹೆಸರುಳ್ಳ ಅಂಗಿ ಮೊದಲಾದುವನ್ನು ಮಾರತಕ್ಕದ್ದಲ್ಲ. ತಮ್ಮ ಊರಿನ ಕಚೇರಿಗಳ ಹಣ ಬಹುಮಟ್ಟಿಗೆ ಲೋಕೋಪಕಾರದ ಕಾರ್ಯಗಳಿಗೆ ಸಲ್ಲುತ್ತಿತ್ತು. 1988ರಲ್ಲಿ ಮುದ್ರಿಸಿದ ಮೊದಲ ಹಾಡುಗಳನ್ನು ಸುರುಳಿಗಳಲ್ಲಿ ಹಂಚಿ, ನಕಲುಮಾಡಿಕೊಂಡು ಇತರರಿಗೂ ಕೊಡಿರೆಂದು ಹೇಳಿದ್ದರು. ಅದೇ ಮುದ್ರಣ 2014ರಲ್ಲಿ ಕ್ರಮವಾಗಿ ಪ್ರಕಟವಾಯಿತು. 1993ರಲ್ಲಿ ಅಟ್ಲಾಂಟಿಕ್ ಕಂಪೆನಿಯ ಸ್ಥಾಪಕ ಅಹ್ಮೆತ್ ಎರ್ಟೆಗುನ್ ತಾನೇ ಬಂದು ಕೇಳಿಕೊಂಡರೂ ಇವರು ಡಿಸ್ಕಾರ್ಡನ್ನು ಬಿಡಲಿಲ್ಲ.

ಅಂಗಿಯ ವಿಷಯದಲ್ಲಿ ಒಂದು ವಿನೋದವುಂಟು. ಮೇಳದವರು ಮಾರದಿದ್ದರೇನು, 'ಇದು ಫುಗಾಜಿ ಅಂಗಿಯಲ್ಲ' ಎಂದು ಅಚ್ಚುಹಾಕಿದ ಅಂಗಿಗಳನ್ನು ಬೇರೆಯವರು ಮಾಡಿ ಮಾರಿದರು; ಅಭಿಮಾನಿಗಳು ಕೊಂಡು ತೊಟ್ಟರು. 'ನನ್ನದು' ಎಂಬ ಬುದ್ಧಿಗೆ ಒಂದು ಗುರುತು ಬೇಕೇ ಬೇಕು; ಗುರುತಿನ ನಿಷೇಧವನ್ನೇ ಅದು ಗುರುತಾಗಿ ಮಾಡಿಕೊಂಡೀತು.

ಇದಕ್ಕಿಂತ ತೀಕ್ಷ್ಣವಾದದ್ದು ಆವೇಶದ ಪ್ರಶ್ನೆ. ಈ ಸಂಗೀತದ ಸಭೆಗಳಲ್ಲಿ ಸಭಿಕರು ಒಬ್ಬರನ್ನೊಬ್ಬರು ತಳ್ಳಿ ನೂಕಿ ಕುಣಿಯುವ ಪದ್ಧತಿ ಬೆಳೆದಿತ್ತು. ವೇದಿಕೆಯ ಬಳಿ ಬಲಿಷ್ಠರಾದ ಯುವಕರೇ ತುಂಬಿ, ಹೆಂಗಸರೂ ಚಿಕ್ಕವರೂ ಹಿಂದಕ್ಕೆ ಸರಿಯಬೇಕಾಗುತ್ತಿತ್ತು, ಪೆಟ್ಟುಗಳೂ ಆಗುತ್ತಿದ್ದುವು. ಫುಗಾಜಿಯವರು ಹಾಡನ್ನು ನಡುವೆಯೇ ನಿಲ್ಲಿಸಿ, ಹೊಡೆಯುತ್ತಿದ್ದವನನ್ನು ವಿನಯವಾಗಿಯೇ ಕರೆದು, ನಿಲ್ಲಿಸಬೇಕೆಂದು ಕೇಳುತ್ತಿದ್ದರು. ಕೇಳದಿದ್ದರೆ ಅವನು ಕೊಟ್ಟ 5 ಡಾಲರನ್ನು ಲಕೋಟೆಯಲ್ಲಿ ಹಾಕಿ ಹಿಂದಕ್ಕೆ ಕೊಟ್ಟು ಹೊರಗೆ ಕಳುಹಿಸುತ್ತಿದ್ದರು. ಜೆಮ್ ಕೊಹೆನ್ ತೆಗೆದ 'ಇನ್‌ಸ್ಟ್ರುಮೆಂಟ್' (1999) ಎಂಬ ಚಿತ್ರದಲ್ಲಿ, ಸಭೆಯಲ್ಲಿ ಉಗ್ರನಾಗಿ ಮೆರೆದವನೊಬ್ಬನಿಗೆ ಪಿಚಾಟೋ, ಅವನು ಕಚೇರಿಗೆ ಮೊದಲು ಐಸ್‌ಕ್ರೀಮ್ ತಿನ್ನುತ್ತಿದ್ದುದನ್ನು ಎಲ್ಲರೆದುರಿಗೆ ನೆನಪಿಸಿ ಅವನ ಪೌರುಷವನ್ನು ಇಳಿಸುವುದನ್ನು ಕಾಣಬಹುದು. ಅಭಿನವಗುಪ್ತನು ಎಣಿಸುವ ರಸವಿಘ್ನಗಳಲ್ಲಿ ಪ್ರೇಕ್ಷಕನು ತನ್ನದೇ ಸುಖದುಃಖಗಳಿಗೆ ವಶನಾಗಿಬಿಡುವುದೂ ಒಂದು. ಹಾಡು ತನ್ನೊಬ್ಬನ ಕೋಪಕ್ಕೆ ನೆಪವಾದವನಿಗೆ ಹಾಡು ಕೇಳಿಸುವುದಿಲ್ಲ; ಪಕ್ಕದವನಿಗೂ ಕೇಳಿಸಗೊಡುವುದಿಲ್ಲ. ಕೆಲವರು ಈ ಮೇಳದವರನ್ನು ಉಪದೇಶಕರೆಂದು ಹಾಸ್ಯಮಾಡಿದುದುಂಟು. ಆ ಹಾಸ್ಯದಲ್ಲಿ ಹುರುಳು ಕಡಮೆ. ಸಾಧಾರಣೀಕರಣಕ್ಕೆ ಸಭೆಯಲ್ಲಿ ಎಲ್ಲರಿಗೂ ನಿಲ್ಲಲು ಎಡೆಯಿರುವುದು ಮೊದಲ ಅಗತ್ಯ.

ಗಾಯಕನ ಆಶಯವನ್ನು ದಾಟಿ ಅಭಿಮಾನಿ ನಡೆದ ಸಂದರ್ಭವೂ ಇಲ್ಲಿ ದೊರೆಯುತ್ತದೆ. ಫುಗಾಜಿಗೆ ಮುಂಚೆ ಮೆಕ್ಕೇ 'ಮೈನರ್ ಥ್ರೆಟ್' ಎಂಬ ಮೇಳದಲ್ಲಿದ್ದಾಗ 1981ರಲ್ಲಿ 'ಸ್ಟ್ರೇಟ್ ಎಜ್' ಎಂಬ ಹಾಡೊಂದು ಹೊರಬಂದಿತು. ಮದ್ಯ ಮಾದಕಗಳು ತನಗೆ ಬೇಡವೆಂಬ ಸ್ವಂತ ನಿಲುವನ್ನು ಹೇಳುವ ಇದು ಒಂದು ನಿಮಿಷಕ್ಕೂ ಚಿಕ್ಕದು. ಕೇಳಿದವರು ಇದರಿಂದ ಒಂದು ಪಂಥವನ್ನೇ ಕಟ್ಟಿದರು; ಕೈಗಳ ಮೇಲೆ ಕರಿಯ ಗುಣಿಸುಗುರುತನ್ನು ಬರೆದುಕೊಂಡರು; ಕೆಲವೆಡೆ ಪಂಥದ ಹೆಸರಿನಲ್ಲಿ ಜಗಳಗಳೂ ನಡೆದುವು. ಪಂಥ ಕಟ್ಟುವ ಉದ್ದೇಶ ತನಗಿರಲಿಲ್ಲವೆಂದು ಮೆಕ್ಕೇ ಮತ್ತೆ ಮತ್ತೆ ಹೇಳಿದ್ದಾನೆ. ಆದರೂ ಹಾಡು ಅವನ ಕೈಬಿಟ್ಟು ಹೋಗಿತ್ತು. ಕವಿಯ ವಿವಕ್ಷೆಗೂ ಓದುಗನ ಗ್ರಹಣಕ್ಕೂ ಇರುವ ಅಂತರವನ್ನು ತರಗತಿಯಲ್ಲಿ ವಿವರಿಸಬೇಕಾದ ಅಧ್ಯಾಪಕರಿಗೆ ಇದು ಉಪಯುಕ್ತವಾದ ಉದಾಹರಣೆ.

ಇನ್ನು ಅಭಿಮಾನದ ವಿದ್ವತ್ ಸ್ವರೂಪ. ಫುಗಾಜಿಯವರು ಕಚೇರಿಗೆ ಮೊದಲು ಹಾಡುಗಳ ಪಟ್ಟಿಯನ್ನು ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಮುಂದಿನ ಹಾಡು ಯಾವುದೆಂಬುದು ವೇದಿಕೆಯ ಮೇಲೆಯೇ ಒಬ್ಬರ ಸೂಚನೆಯನ್ನು ಇನ್ನೊಬ್ಬರು ಹಿಡಿದು ನಿಶ್ಚಯವಾಗುತ್ತಿತ್ತು. ಹಾಡುಗಳ ನಡುವಣ ಸಂಧಿಗಳು ದಿನಕ್ಕೊಂದು ಬಗೆ. ಆದುದರಿಂದ ನಿನ್ನೆ ಕೇಳಿದವನಿಗೂ ಇಂದು ಕೇಳಲು ಕಾರಣವಿತ್ತು. ಯಕ್ಷಗಾನದಲ್ಲಿ ಪ್ರಸಂಗದ ಪದ್ಯ ಸ್ಥಿರವಾಗಿದ್ದರೂ ಅರ್ಥ ಆಯಾ ರಾತ್ರಿಯದು. ಬಲ್ಲ ಪ್ರೇಕ್ಷಕನು ಅದೇ ಪ್ರಸಂಗವನ್ನು ಮತ್ತೆ ನೋಡಲು ಹೋಗುವುದು ಈ ಕಾರಣಕ್ಕೇ. 1987ರಿಂದ 2002ರವರೆಗೆ ಮೇಳವು ಅಮೆರಿಕದ ಐವತ್ತು ಸಂಸ್ಥಾನಗಳಲ್ಲಿಯೂ ಹೊರದೇಶಗಳಲ್ಲಿಯೂ ಕೊಟ್ಟ ಕಚೇರಿಗಳು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು 800 ಕಚೇರಿಗಳನ್ನು ಧ್ವನಿನಿರ್ವಾಹಕರು ಸುರುಳಿಗಳಲ್ಲಿ ಹಿಡಿದಿಟ್ಟಿದ್ದರು. 2011ರ ಡಿಸೆಂಬರಿನಿಂದ ಡಿಸ್ಕಾರ್ಡ್ ಸಂಸ್ಥೆಯು ಇವುಗಳನ್ನು ಒಂದೊಂದಾಗಿ ಸಾರ್ವಜನಿಕರಿಗೆ ಒದಗಿಸಲು ತೊಡಗಿತು. ಒಂದು ಕಚೇರಿಗೆ ಸೂಚಿತ ಬೆಲೆ ಹಳೆಯ 5 ಡಾಲರೇ. ಕೇಳುಗನು 1 ಡಾಲರಿನಿಂದ 100 ಡಾಲರಿನವರೆಗೆ ತನಗೆ ತೋರಿದಷ್ಟು ಕೊಡಬಹುದೆಂದು ಏರ್ಪಾಡಾಯಿತು.

ಪ್ರತಿಯೊಂದು ಕಚೇರಿಗೂ ದಿನ, ಸ್ಥಳ, ಪ್ರವೇಶಶುಲ್ಕ, ಸಭಿಕರ ಸಂಖ್ಯೆ, ಮುದ್ರಣದ ಗುಣ ಇವುಗಳ ದಾಖಲೆಯುಂಟು. ತಮ್ಮಲ್ಲಿರುವ ಛಾಯಾಚಿತ್ರಗಳನ್ನೂ ಭಿತ್ತಿಪತ್ರಗಳನ್ನೂ ಟಿಕೆಟುಗಳನ್ನೂ ಕಳುಹಿಸಿ ಅಭಿಮಾನಿಗಳು ಇದಕ್ಕೆ ನೆರವಾದರು. ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಈ ಕೆಲಸ ಅಪರಿಚಿತವೆನಿಸದು. ಆದರೆ ಮುಖ್ಯವಾದ ಒಂದು ಭೇದವಿದೆ. ಓಲೆಯ ಪ್ರತಿಗಳನ್ನು ಹೋಲಿಸುವವನು ಪಾಠಾಂತರಗಳ ಹಿಂದಿರುವ ಒಂದು ಮೂಲಪಾಠವನ್ನು ಅರಸುತ್ತಾನೆ. ಇಲ್ಲಿ ಅರಸತಕ್ಕ ಮೂಲವೆಂಬುದಿಲ್ಲ. 'ರಿಪೀಟರ್' (1990), 'ರೆಡ್ ಮೆಡಿಸಿನ್' (1995) ಮುಂತಾದ ಮುದ್ರಿಕೆಗಳ ಪಾಠವೂ ಒಂದು ದಿನದ ಪಾಠವೇ ಹೊರತು ಉಳಿದುವುಗಳ ಮಾತೃಕೆಯಲ್ಲ. ಒಂದೇ ಹಾಡಿನ ನೂರು ಪ್ರಯೋಗಗಳನ್ನು ಕೇಳಿ, ಎಲ್ಲಿ ಲಯ ಸಡಿಲವಾಯಿತು, ಎಲ್ಲಿ ಮಾತು ಬದಲಾಯಿತು ಎಂದು ಗುರುತುಹಾಕುವವನನ್ನು ಮರುಳನೆನ್ನುವುದು ಸುಲಭ. ಕಾವ್ಯಾನುಶೀಲನದ ಅಭ್ಯಾಸದಿಂದ ಮನಸ್ಸೆಂಬ ಕನ್ನಡಿ ನಿರ್ಮಲವಾದವನೇ ಸಹೃದಯನೆಂದು ಅಭಿನವಗುಪ್ತನು 'ಲೋಚನ'ದಲ್ಲಿ ಹೇಳಿರುವುದನ್ನು ಬಲ್ಲವರು ಆ ಮಾತನ್ನು ಆಡುವ ಮೊದಲು ಸ್ವಲ್ಪ ತಡೆಯಬೇಕು. ಅಭ್ಯಾಸವೆಂಬುದು ಇದೇ. ಕನ್ನಡಿ ತಿಳಿಯಾಯಿತೇ, ಉಜ್ಜಿ ಉಜ್ಜಿ ಸವೆಯಿತೇ ಎಂಬುದು ಒಬ್ಬೊಬ್ಬ ಕೇಳುಗನ ವಿಷಯದಲ್ಲಿಯೂ ಬೇರೆಬೇರೆಯಾಗಿ ನಿರ್ಣಯಿಸತಕ್ಕ ಮಾತು.

ಮೇಳದ ಕಡೆಯ ಕಚೇರಿ 2002ರ ನವೆಂಬರ್ 4ರಂದು ಲಂಡನ್ನಿನಲ್ಲಿ ನಡೆಯಿತು. ಮೇಳ ಮುಗಿಯಿತೆಂದು ಯಾರೂ ಸಾರಲಿಲ್ಲ; ಅನಿರ್ದಿಷ್ಟ ವಿರಾಮವೆಂದಷ್ಟೇ ತಿಳಿಸಿದರು. ನಾಲ್ವರೂ ಅನಂತರ ಬೇರೆಬೇರೆ ಮೇಳಗಳಲ್ಲಿ ದುಡಿದಿದ್ದಾರೆ. 2014ರಲ್ಲಿ ವಾಷಿಂಗ್ಟನ್ನಿನ ಸಾರ್ವಜನಿಕ ಪುಸ್ತಕಭಂಡಾರವು ಆ ಊರಿನ ಪಂಕ್ ಸಂಗೀತದ ಸಾಮಗ್ರಿಯನ್ನು ಸಂಗ್ರಹಿಸುವ ಒಂದು ವಿಭಾಗವನ್ನು ತೆರೆಯಿತು. ಮನೆಗಳ ಪೆಟ್ಟಿಗೆಗಳಲ್ಲಿ ಕುಳಿತಿದ್ದ ಸುರುಳಿಗಳೂ ಕೈಯಚ್ಚಿನ ಪತ್ರಿಕೆಗಳೂ ಇಂತಹ ಕಡೆಗಳಲ್ಲಿ ಬಂದು ಸೇರುತ್ತಿವೆ. ಮುದ್ರಣವಾಗದೆ ಹೋದ ಇನ್ನೂರರಷ್ಟು ಕಚೇರಿಗಳಲ್ಲಿ ಅನೇಕಕ್ಕೆ ಒಂದು ಭಿತ್ತಿಪತ್ರ, ಹರಿದ ಒಂದು ಟಿಕೆಟು, ಅಂದು ಅಲ್ಲಿದ್ದವರ ನೆನಪು, ಇಷ್ಟೇ ಆಧಾರ.