ಮೂರು ದಿನಗಳ ಕಾರ್ಯಾಗಾರದಿಂದ ಪ್ರಯೋಜನವೇನು?

ಕಳೆದ ಹತ್ತಿಯ ಸುಗ್ಗಿಯಲ್ಲಿ, ನಮ್ಮ ಶಾಲೆಯಲ್ಲಿ ಓದಿ ಈಗ ಕಾಲೇಜಿನಲ್ಲಿರುವ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯೊಡನೆ ನಮ್ಮನ್ನು ಕಾಣಲು ಬಂದಿದ್ದಳು. ವ್ಯಾಪಾರ, ಉದ್ಯಮ ಮತ್ತು ಕೃತಕ ಬುದ್ಧಿಮತ್ತೆಯನ್ನು ಕುರಿತು ಅವಳ ಕಾಲೇಜಿನಲ್ಲಿ ಮೂರು ದಿನಗಳ ಕಾರ್ಯಾಗಾರವೊಂದು ಏರ್ಪಾಟಾಗಿತ್ತು. "ಮೂರು ದಿನದಾಗ ವ್ಯಾಪಾರ ಬರ್ತದೇನ್ರಿ ಸಾರ್? ಹತ್ತಿ ಬಿಡಿಸೋ ಕೂಲಿ ಮೂರು ದಿನದ್ದು ಹೋಗ್ತದ" ಎಂದು ತಂದೆಯು ಕೇಳಿದರು. ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸಲಿಲ್ಲ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳ, ಮಂತ್ರಾಲಯ ಸೀಮೆಯ ಎಷ್ಟೋ ಸಂಸಾರಗಳು ಮನೆಗೆ ಬೀಗ ಹಾಕಿ, ಮಕ್ಕಳನ್ನೂ ಕರೆದುಕೊಂಡು, ಗುಂಟೂರಿನ ಕಡೆಗೆ ಕೂಲಿಗೆ ಹೊರಡುವುದನ್ನು ಬಲ್ಲವರಿಗೆ ಮೂರು ದಿನದ ಕೂಲಿಯ ಬೆಲೆಯೂ ತಿಳಿದಿರುತ್ತದೆ. ಆ ದಿನ ನಾವು ಕೊಟ್ಟ ಉತ್ತರವನ್ನೇ ಎಲ್ಲ ಪೋಷಕರಿಗಾಗಿಯೂ ವಿದ್ಯಾರ್ಥಿಗಳಿಗಾಗಿಯೂ ಇಲ್ಲಿ ಕೊಂಚ ವಿಸ್ತರಿಸಿ ಬರೆಯುತ್ತೇವೆ.

ಇಂತಹ ಕಾರ್ಯಾಗಾರಗಳಲ್ಲಿ ಉಪನ್ಯಾಸಕ್ಕಿಂತ ಅಭ್ಯಾಸವೇ ಹೆಚ್ಚು. ನಾಲ್ಕೈದು ವಿದ್ಯಾರ್ಥಿಗಳು ಒಂದು ಗುಂಪಾಗಿ ಊರಿನ ಯಾವುದಾದರೊಂದು ಅಗತ್ಯವನ್ನು ಗುರುತಿಸಬೇಕು; ಕೊಳ್ಳುವವರು ಯಾರೆಂದು ವಿಚಾರಿಸಬೇಕು; ಖರ್ಚುವೆಚ್ಚದ ಪಟ್ಟಿಯನ್ನು ತಯಾರಿಸಿ ಹಿರಿಯರ ಮುಂದೆ ಇಡಬೇಕು. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಲೆಕ್ಕ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತಾಯಿಮಗಳು ಮನೆಯಲ್ಲಿ 100 ಜೋಳದ ರೊಟ್ಟಿಗಳನ್ನು ಬಡಿದು, ಒಂದಕ್ಕೆ 10 ರೂಪಾಯಿಯಂತೆ ಆದವಾನಿಯಲ್ಲಿ ಮಾರಿದರೆನ್ನೋಣ. ಬಂದ ಹಣ 1,000 ರೂಪಾಯಿ. ಹಿಟ್ಟು, ಉರುವಲು, ಬಸ್ಸಿನ ಖರ್ಚು ಸೇರಿ 650 ರೂಪಾಯಿ ಆಯಿತು. "350 ರೂಪಾಯಿ ಲಾಭ" ಎಂದು ನಮ್ಮಲ್ಲಿ ಅನೇಕರು ಹೇಳಿಬಿಡುವರು. ಆದರೆ ಅವರಿಬ್ಬರೂ ಆ ಹೊತ್ತಿನಲ್ಲಿ ಹೊಲಕ್ಕೆ ಹೋಗಿದ್ದರೆ 400 ರೂಪಾಯಿ ಕೂಲಿ ದೊರೆಯುತ್ತಿತ್ತೆಂದು ಇಟ್ಟುಕೊಂಡರೆ, ನಿಜವಾಗಿ ಆದದ್ದು 50 ರೂಪಾಯಿ ನಷ್ಟ! ಮನೆಯವರ ದುಡಿಮೆಗೆ, ಅದರಲ್ಲಿಯೂ ಹೆಂಗಸರ ದುಡಿಮೆಗೆ, ಬೆಲೆ ಕಟ್ಟದಿರುವುದೇ ಎಷ್ಟೋ ಸಣ್ಣ ಉದ್ಯಮಗಳು ಸೊರಗುವುದಕ್ಕೆ ಕಾರಣ. ಹಾಗಾದರೆ ಈ ಕೆಲಸವನ್ನೇ ಬಿಡಬೇಕೆ? ಬೇಕಾಗಿಲ್ಲ. ನಾಲ್ಕು ಮನೆಯವರು ಕೂಡಿ ಹಿಟ್ಟನ್ನು ಒಟ್ಟಿಗೆ ಕೊಂಡು, ರೊಟ್ಟಿಗಳನ್ನು ಒಬ್ಬರ ಕೈಯಲ್ಲಿಯೇ ಪೇಟೆಗೆ ಕಳುಹಿಸಿದರೆ ಖರ್ಚು ಇಳಿದು ನಷ್ಟವು ಲಾಭವಾಗಬಹುದು.

ಹೀಗೆ ಕೂಡಿ ಕೊಂಡು, ಕೂಡಿ ಮಾರುವ ಉಪಾಯವು ನಮ್ಮ ನೆರೆಯಲ್ಲಿಯೇ ನಡೆದು ತೋರಿದ ಸಂಗತಿ. ಎಮ್ಮಿಗನೂರಿನಲ್ಲಿ 1938 ರಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘವನ್ನು ಸ್ಥಾಪಿಸಿದರು. ಒಂಟಿ ಮಗ್ಗದವನು ನೂಲಿಗಾಗಿ ಒಬ್ಬರ ಬಾಗಿಲನ್ನೂ, ಬಟ್ಟೆ ಮಾರಲು ಇನ್ನೊಬ್ಬರ ಬಾಗಿಲನ್ನೂ ಕಾಯಬೇಕಾಗುತ್ತದೆ. ಸಂಘವಾದರೋ ಎರಡೂ ಕಡೆಗಳಲ್ಲಿ ಅವನ ಪರವಾಗಿ ನಿಲ್ಲಬಲ್ಲದು. ಸೋಮಪ್ಪನವರಿಗೆ 1954 ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಉದ್ಯಮಶೀಲತೆಯೆಂಬುದು ದೊಡ್ಡ ನಗರಗಳ ಸೊತ್ತಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಕೃತಕ ಬುದ್ಧಿಮತ್ತೆಯ ವಿಷಯ. ವಿನೋದವೆಂದರೆ, ಈ ವಿದ್ಯೆಗೆ ತಳಹದಿ ಬಿದ್ದದ್ದೂ ಒಂದು ಕಾರ್ಯಾಗಾರದಲ್ಲಿಯೇ. 1956 ರ ಬೇಸಗೆಯಲ್ಲಿ ಅಮೆರಿಕೆಯ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಮೆಕಾರ್ಥಿ ಮುಂತಾದ ವಿದ್ವಾಂಸರು ಸೇರಿ ಯಂತ್ರಕ್ಕೆ ಕಲಿಯುವ ಶಕ್ತಿಯನ್ನು ಕೊಡಲು ಸಾಧ್ಯವೇ ಎಂದು ಚರ್ಚಿಸಿದರು. 2022 ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಹೆಸರು ಮನೆಮನೆಯನ್ನೂ ಮುಟ್ಟಿತು.

ಈ ಯಂತ್ರವು ಕಲಿಯುವ ಬಗೆಯನ್ನು ತಿಳಿಯಲು ಆದವಾನಿಯ ಹತ್ತಿಯ ಮಾರುಕಟ್ಟೆಗೆ ಹೋದರೆ ಸಾಕು. ಅನುಭವಿಯಾದ ವ್ಯಾಪಾರಿಯು ಹಿಡಿಯಷ್ಟು ಹತ್ತಿಯನ್ನು ಎಳೆದು ನೋಡಿ, ಎಳೆಯ ಉದ್ದವನ್ನೂ ತೇವವನ್ನೂ ಅಂದಾಜು ಮಾಡುತ್ತಾನೆ. ಸಾವಿರಾರು ಮಾದರಿಗಳನ್ನು ಮುಟ್ಟಿದ್ದರಿಂದ ಅವನಿಗೆ ಆ ಜ್ಞಾನವು ಬಂದಿತು. ಯಂತ್ರವೂ ಹಾಗೆಯೇ, ಕೋಟ್ಯಂತರ ವಾಕ್ಯಗಳಲ್ಲಿ ಯಾವ ಮಾತಿನ ಹಿಂದೆ ಯಾವ ಮಾತು ಬರುವುದೆಂಬ ಜಾಡನ್ನು ಹಿಡಿದು, ಅದರಂತೆ ಉತ್ತರವನ್ನು ಹೆಣೆಯುತ್ತದೆ. ಆದರೆ ಒಂದು ಭೇದವುಂಟು. ತಪ್ಪು ಹೇಳಿದರೆ ವ್ಯಾಪಾರಿಯ ಗಂಟೂ ಹೋಗುತ್ತದೆ, ನಂಬಿಕೆಯೂ ಹೋಗುತ್ತದೆ. ಯಂತ್ರಕ್ಕೆ ಯಾವುದೂ ಹೋಗದು. ತಿಳಿದುದನ್ನು ಹೇಳುವಷ್ಟೇ ಧೈರ್ಯದಿಂದ ತಿಳಿಯದುದನ್ನೂ ಅದು ಹೇಳಬಲ್ಲದು. ಆದುದರಿಂದ ಪತ್ರ ಬರೆಯಲು, ಲೆಕ್ಕದ ಪಟ್ಟಿಯನ್ನು ಜೋಡಿಸಲು, ಸಂದೇಹ ಕೇಳಲು ಅದನ್ನು ಧಾರಾಳವಾಗಿ ಬಳಸಬಹುದು. ಇಂದಿನ ಧಾರಣೆಯನ್ನು ಮಾತ್ರ ಮಾರುಕಟ್ಟೆಯಲ್ಲಿಯೇ ವಿಚಾರಿಸತಕ್ಕದ್ದು.

ಗಡಿಯ ಕನ್ನಡಿಗರಾದ ನಮಗೆ ಇಲ್ಲಿ ಇನ್ನೊಂದು ಮಾತೂ ಉಂಟು. 1953 ರಲ್ಲಿ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಅಂದಿನಿಂದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ತೆಲುಗನ್ನೂ ಆಡುತ್ತ ಬೆಳೆದಿದ್ದಾರೆ. ಯಂತ್ರಕ್ಕೆ ಹೆಚ್ಚಾಗಿ ಉಣಬಡಿಸಿರುವುದು ಇಂಗ್ಲಿಷನ್ನು. ಕನ್ನಡದ ಪಾಲು ಬಹಳ ಕಡಿಮೆ. ಭಾರತ ಸರ್ಕಾರವು 2022 ರಲ್ಲಿ ಆರಂಭಿಸಿದ ಭಾಷಿಣಿ ಯೋಜನೆಯು ಈ ಕೊರತೆಯನ್ನು ನೀಗಲು ಯತ್ನಿಸುತ್ತಿದೆ. ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆಯು ಕರ್ನಾಟಕದ ಹಳ್ಳಿಯವರಿಂದ ಕನ್ನಡ ವಾಕ್ಯಗಳನ್ನು ಓದಿಸಿ, ಧ್ವನಿಯನ್ನು ಸಂಗ್ರಹಿಸಿ, ಅದಕ್ಕೆ ಸಂಭಾವನೆಯನ್ನೂ ಕೊಟ್ಟಿದೆ. ಶುದ್ಧವಾಗಿ ಓದಬಲ್ಲ, ಬರೆಯಬಲ್ಲ ಕನ್ನಡವೂ ಒಂದು ಬಂಡವಾಳವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಎರಡು ಭಾಷೆ ಬಲ್ಲವನಿಗೆ ಎರಡು ಪೇಟೆಗಳ ಬಾಗಿಲೂ ತೆರೆದಿರುತ್ತದೆ.

ಹಣದ ವಿಷಯದಲ್ಲಿ ಒಂದೇ ಎಚ್ಚರಿಕೆ. 2015 ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿಯವರೆಗೆ ಅಡಮಾನವಿಲ್ಲದೆ ಬ್ಯಾಂಕಿನಿಂದ ಸಾಲ ದೊರೆಯುತ್ತದೆ. ಅಡಮಾನವಿಲ್ಲದಿದ್ದರೂ ಸಾಲವು ಸಾಲವೇ. ಲೆಕ್ಕದ ಪುಸ್ತಕವು ಮೊದಲು, ಸಾಲದ ಅರ್ಜಿಯು ಆಮೇಲೆ.

ಆ ತಂದೆಗೆ ನಾವು ಹೇಳಿದ್ದಿಷ್ಟು: ಮೂರು ದಿನಗಳಲ್ಲಿ ವ್ಯಾಪಾರವು ಬಾರದು. ಆದರೆ ಕೊಳ್ಳುವವರು ಯಾರು, ನಿಜವಾದ ಖರ್ಚೆಷ್ಟು, ಕೇಳಿದ ಮಾತು ಸತ್ಯವೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸವು ಬರಬಹುದು. ಅದಿಲ್ಲದೆ ಕೈಹಾಕಿ ಕಳೆದುಕೊಳ್ಳುವ ಹಣವು ಮೂರು ದಿನದ ಕೂಲಿಗಿಂತ ದೊಡ್ಡದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತು, ಹೋಗಿ ಬರ್ಲಿ ಬಿಡ್ರಿ" ಎಂದರು. ಹುಡುಗಿಯು ಹೋಗಿ ಬಂದಳು. ಅವಳ ಮನೆಯಲ್ಲಿ ಈಗ ದಿನದ ಖರ್ಚುವೆಚ್ಚವನ್ನು ಬರೆಯುವ ಪುಸ್ತಕವೊಂದು ಇದೆ. ನಮ್ಮ ಶಾಲೆಯ ಪ್ರತಿಯೊಂದು ಮನೆಯಲ್ಲಿಯೂ ಈ ವರ್ಷ ಅಂತಹ ಪುಸ್ತಕವೊಂದು ಆರಂಭವಾಗಲೆಂದೂ, ಅದನ್ನು ಮಕ್ಕಳೇ ಕನ್ನಡದಲ್ಲಿ ಬರೆಯಲೆಂದೂ ನಾವು ಹಾರೈಸುತ್ತೇವೆ.