ಏಷ್ಯಾ ಅಭಿವೃದ್ಧಿ ಬ್ಯಾಂಕಿನಲ್ಲಿ ನೀತಿನಿರ್ಣಯದ ಕ್ರಮ

ಸಾಲವನ್ನು ಕೊಡುವವನು ಸಾಲದೊಡನೆ ನಿಬಂಧನೆಗಳನ್ನೂ ಕೊಡುವನೆಂಬುದು ಲೋಕವಿದಿತವಾದ ವಿಷಯ. ಆ ನಿಬಂಧನೆಗಳನ್ನು ಯಾರು, ಎಲ್ಲಿ ಕುಳಿತು, ಯಾವ ಕ್ರಮದಿಂದ ರಚಿಸುವರೆಂಬುದು ಮಾತ್ರ ಅಷ್ಟಾಗಿ ವಿದಿತವಾದುದಲ್ಲ. 1999ರಲ್ಲಿ ಮಂಜೂರಾದ ಸಾಲವೊಂದರಿಂದ ಕರ್ಣಾಟಕದ ಕರಾವಳಿಯ ಪಟ್ಟಣಗಳಲ್ಲಿ ನೀರಿನ ಸರಬರಾಯಿ, ಒಳಚರಂಡಿ ಮೊದಲಾದ ಕಾಮಗಾರಿಗಳು ನಡೆದುವು. ಆ ಸಾಲವನ್ನು ಕೊಟ್ಟುದು ಮನಿಲಾ ನಗರದಲ್ಲಿರುವ ಏಷ್ಯಾ ಅಭಿವೃದ್ಧಿ ಬ್ಯಾಂಕು. ಇಂತಹ ಕಾಮಗಾರಿಗಾಗಿ ನೆಲವನ್ನು ಬಿಟ್ಟುಕೊಡುವವನಿಗೆ ಏನು ಸಲ್ಲಬೇಕೆಂಬುದನ್ನು ಈ ದೇಶದ ಕಾನೂನಿನೊಡನೆ ಆ ಬ್ಯಾಂಕಿನ ನೀತಿಯೂ ನಿರ್ಣಯಿಸುತ್ತದೆ. ಆದುದರಿಂದ ನೀತಿಯ ಉತ್ಪತ್ತಿಕ್ರಮವು ಇಲ್ಲಿಯೂ ವಿಚಾರಣೀಯವಾದುದು.

ಈ ಬ್ಯಾಂಕು 1966ನೆಯ ಡಿಸೆಂಬರಿನಲ್ಲಿ 31 ಸದಸ್ಯರಾಷ್ಟ್ರಗಳೊಡನೆ ಕಾರ್ಯಾರಂಭ ಮಾಡಿತು. ಅದರ ಸ್ಥಾಪನಾಪತ್ರದಲ್ಲಿ ಎರಡು ಮಂಡಲಿಗಳು ಉಕ್ತವಾಗಿವೆ. ಪ್ರತಿಯೊಂದು ಸದಸ್ಯರಾಷ್ಟ್ರಕ್ಕೂ ಒಬ್ಬೊಬ್ಬ ಗವರ್ನರು. ಇವರ ಮಂಡಲಿಯೇ ಪರಮಾಧಿಕಾರವುಳ್ಳದ್ದು. ಆದರೆ ವರ್ಷಕ್ಕೊಮ್ಮೆ ನೆರೆಯುವ ಸಭೆಯಿಂದ ನಿತ್ಯಕಾರ್ಯವು ನಡೆಯಲಾರದಷ್ಟೆ. ಹೊಸ ಸದಸ್ಯರ ಸೇರ್ಪಡೆ, ಮೂಲಧನದ ಹೆಚ್ಚಳ, ಸ್ಥಾಪನಾಪತ್ರದ ತಿದ್ದುಪಡಿ, ಅಧ್ಯಕ್ಷನ ಆಯ್ಕೆ ಮುಂತಾದ ಕೆಲವನ್ನು ತನ್ನಲ್ಲಿಯೇ ಉಳಿಸಿಕೊಂಡು, ಉಳಿದ ಅಧಿಕಾರವನ್ನು ಆ ಮಂಡಲಿಯು 12 ಮಂದಿ ನಿರ್ದೇಶಕರ ಮಂಡಲಿಗೆ ವಹಿಸಿದೆ. ಇವರಲ್ಲಿ 8 ಮಂದಿ ಏಷ್ಯಾ ಮತ್ತು ಪೆಸಿಫಿಕ್ ಪ್ರಾಂತದ ಸದಸ್ಯರಿಂದಲೂ, 4 ಮಂದಿ ಹೊರಗಿನ ಸದಸ್ಯರಿಂದಲೂ ಚುನಾಯಿತರು. ಇವರು ಮನಿಲಾದಲ್ಲಿಯೇ ವಾಸವಾಗಿದ್ದು ಕಾರ್ಯ ನಡೆಸತಕ್ಕವರು. ಜಪಾನು, ಚೀನಾ, ಅಮೆರಿಕಾ ಈ ಮೂರಕ್ಕೆ ಪ್ರತ್ಯೇಕವಾಗಿ ಒಬ್ಬೊಬ್ಬ ನಿರ್ದೇಶಕನಿರುವನು. ಭಾರತವು ಇತರ ಕೆಲವು ದೇಶಗಳೊಡನೆ ಸೇರಿ ಒಬ್ಬನನ್ನು ಆರಿಸುತ್ತದೆ. ಅಧ್ಯಕ್ಷನು ಈ ಮಂಡಲಿಯ ಸಭಾಪತಿಯಾದರೂ, ಮತಗಳು ಸಮವಾಗಿ ಒಡೆದಾಗಲ್ಲದೆ ಅವನಿಗೆ ಮತವಿಲ್ಲ. ಅವನು ಪ್ರಾಂತದೊಳಗಿನ ಸದಸ್ಯರಾಷ್ಟ್ರದ ಪ್ರಜೆಯಾಗಿರಬೇಕೆಂಬುದಷ್ಟೇ ವಿಧಿ. ಆದರೂ ಮೊದಲಿನಿಂದ ಈವರೆಗೆ ಆ ಪೀಠವನ್ನೇರಿದವರೆಲ್ಲರೂ ಜಪಾನಿನವರೇ. ವಿಧಿಯಿಲ್ಲದೆಡೆಯಲ್ಲಿ ಆಚಾರವು ಎಷ್ಟು ಬಲವತ್ತರವಾಗಬಲ್ಲುದೆಂಬುದಕ್ಕೆ ಇದು ಸಾಕಾದ ನಿದರ್ಶನ.

ಮತದ ತೂಕವೂ ಸಮವಾದುದಲ್ಲ. ಒಟ್ಟು ಮತಗಳಲ್ಲಿ ನೂರಕ್ಕೆ 20ರಷ್ಟನ್ನು ಎಲ್ಲ ಸದಸ್ಯರಿಗೂ ಸಮನಾಗಿ ಹಂಚಿ, ಮಿಕ್ಕುದನ್ನು ಅವರವರ ಪಾಲುಬಂಡವಾಳಕ್ಕೆ ಅನುಗುಣವಾಗಿ ಕೊಡಲಾಗಿದೆ. ಇದರಿಂದ ಜಪಾನು, ಅಮೆರಿಕಾಗಳಿಗೆ ನೂರಕ್ಕೆ ಸುಮಾರು 12.7ರಷ್ಟೂ, ಭಾರತಕ್ಕೆ ಸುಮಾರು 5.3ರಷ್ಟೂ ಮತಬಲವುಂಟು. ಆದರೆ ವ್ಯವಹಾರದಲ್ಲಿ ಮತವನ್ನು ಎಣಿಸುವ ಪ್ರಸಂಗವು ವಿರಳ. ಸಹಮತವು ಒದಗುವವರೆಗೆ ಬರಹವನ್ನು ತಿದ್ದುತ್ತ ಹೋಗುವುದೇ ಅಲ್ಲಿನ ರೂಢಿ. ಎಣಿಸದ ಮತಕ್ಕೂ ತೂಕವಿರುವುದರಿಂದ, ಯಾರಿಗಾಗಿ ಯಾವ ಪದವು ತಿದ್ದಲ್ಪಟ್ಟಿತೆಂಬುದು ಕಡೆಯ ಬರಹದಲ್ಲಿ ಕಾಣಿಸುವುದಿಲ್ಲ.

ಹೊಸ ನೀತಿಯೊಂದು ಬೇಕೆಂದಾಗ ಬ್ಯಾಂಕಿನ ಅಧಿಕಾರಿವರ್ಗವು ಮೊದಲು ಕರಡನ್ನು ಸಿದ್ಧಪಡಿಸುತ್ತದೆ. ಮುಖ್ಯವಾದ ನೀತಿಯಾದರೆ ಕರಡು ಪ್ರಕಟವಾಗಿ, ಸರಕಾರಗಳಿಂದಲೂ ಸಾರ್ವಜನಿಕ ಸಂಘಗಳಿಂದಲೂ ಅಭಿಪ್ರಾಯಗಳು ಸಂಗ್ರಹವಾಗುವುವು. ಅನಂತರ ಅದು 'ವಿಚಾರಪತ್ರ'ದ ರೂಪದಲ್ಲಿ ನಿರ್ದೇಶಕರ ಮುಂದೆ ಬರುತ್ತದೆ. ಈ ಹಂತದಲ್ಲಿ ಚರ್ಚೆಯೇ ಹೊರತು ನಿರ್ಣಯವಿಲ್ಲ. ಚರ್ಚೆಯ ಫಲವನ್ನು ಅಳವಡಿಸಿಕೊಂಡು 'ಶಿಫಾರಸುಪತ್ರ'ವಾಗಿ ಮರಳಿ ಬಂದಾಗಲೇ ನಿರ್ಣಯ. ಕೆಲವು ವಿಷಯಗಳು ಸಭೆಗೆ ಬಾರದೆ ಪತ್ರದ ಮೂಲಕವೇ ಮುಗಿಯುವುದೂ ಉಂಟು: ಗೊತ್ತುಪಡಿಸಿದ ದಿನದೊಳಗೆ ಯಾರೂ ಆಕ್ಷೇಪಿಸದಿದ್ದರೆ ಅನುಮೋದನೆಯಾಯಿತೆಂದೇ ಅರ್ಥ. 1909ರಲ್ಲಿ ಮೈಸೂರಿನಲ್ಲಿ ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಬಲ್ಲವರಿಗೆ ಇದು ಹೊಸತಾಗಿ ತೋರದು. ಅದರ ಮಂತ್ರಾಧಿಕಾರದಲ್ಲಿಯೂ ಸಮೀಪದಲ್ಲಿಲ್ಲದವರೊಡನೆ ಪತ್ರವನ್ನು ಕಳುಹಿಸಿ ಆಲೋಚಿಸಬೇಕೆಂದು ಹೇಳಿದೆ. ಭೇದವಿಷ್ಟೆ: ಅಲ್ಲಿ ಮಂತ್ರವು ಗೋಪ್ಯವಾಗಿರಬೇಕು, ಇಲ್ಲಿ ನೀತಿಯ ಕರಡು ಬಹಿರಂಗವಾಗಬೇಕು.

ಈ ಕ್ರಮದ ಸಾರವು ವ್ಯಕ್ತವಾಗುವುದು ಸಂರಕ್ಷಣಾನೀತಿಯ ಇತಿಹಾಸದಲ್ಲಿ. ಬಲಾತ್ ಸ್ಥಳಾಂತರದ ವಿಷಯವಾಗಿ 1995ರಲ್ಲಿಯೂ, ಮೂಲನಿವಾಸಿಗಳ ವಿಷಯವಾಗಿ 1998ರಲ್ಲಿಯೂ, ಪರಿಸರದ ವಿಷಯವಾಗಿ 2002ರಲ್ಲಿಯೂ ಬೇರೆಬೇರೆ ನೀತಿಗಳಾಗಿದ್ದುವು. 2007ರಲ್ಲಿ ಇವನ್ನು ಒಂದುಗೂಡಿಸುವ ಕರಡು ಹೊರಟು, ವಾದವಿವಾದಗಳಿಗೆ ಒಳಗಾಗಿ, 2009ರ ಜುಲೈ ತಿಂಗಳಲ್ಲಿ ಅನುಮೋದನೆ ಪಡೆಯಿತು. ವಿವಾದದ ಮುಖ್ಯಬಿಂದುಗಳಲ್ಲೊಂದು ಒಂದು ಶಬ್ದ. ಮೂಲನಿವಾಸಿಗಳ ನೆಲದಲ್ಲಿ ಯೋಜನೆ ನಡೆಯುವಾಗ ಅವರೊಡನೆ 'ಸಮಾಲೋಚನೆ' ಸಾಕೋ, ಅವರ 'ಸಮ್ಮತಿ'ಯೇ ಬೇಕೋ? ಸಮಾಲೋಚನೆಯಲ್ಲಿ ಕೇಳಿದವನ ಕರ್ತವ್ಯವು ಕೇಳುವುದರಲ್ಲಿಯೇ ಮುಗಿಯುತ್ತದೆ. ಸಮ್ಮತಿಯಲ್ಲಿ 'ಒಲ್ಲೆ' ಎನ್ನುವ ಅಧಿಕಾರವು ಅಂತರ್ಗತವಾಗಿದೆ. ಆಂಗ್ಲಭಾಷೆಯಲ್ಲಿ ಈ ಎರಡು ಪದಗಳಿಗೂ ಆದ್ಯಕ್ಷರವು ಒಂದೇ ಆದುದರಿಂದ ಸಂಕ್ಷೇಪರೂಪವೂ ಒಂದೇ. 2005ರಲ್ಲಿ ವಿಶ್ವಬ್ಯಾಂಕು ಸಮ್ಮತಿಯ ಸ್ಥಾನದಲ್ಲಿ ಸಮಾಲೋಚನೆಯನ್ನಿಟ್ಟಾಗ ಸಂಕ್ಷೇಪವು ಕದಲಲಿಲ್ಲ, ಅರ್ಥವು ಕದಲಿತು. ಮನಿಲಾದ ನಿರ್ದೇಶಕರು ಮೂರನೆಯ ದಾರಿಯನ್ನು ಹಿಡಿದರು. 'ಸಮ್ಮತಿ' ಎಂಬ ಪದವನ್ನೇ ಇರಿಸಿ, ಅದಕ್ಕೆ 'ಸಮುದಾಯದ ವಿಶಾಲವಾದ ಬೆಂಬಲ' ಎಂಬ ಅರ್ಥವನ್ನು ವಿಧಿಸಿದರು. ಕೆಲವರು ಅಥವಾ ಕೆಲವು ಗುಂಪುಗಳು ವಿರೋಧಿಸಿದರೂ ಅಂತಹ ಬೆಂಬಲವು ಇರಬಹುದೆಂದೂ ಹೇಳಿದರು. ಪರಿಭಾಷೆಯು ರೂಢ್ಯರ್ಥವನ್ನು ಬಾಧಿಸುವುದು ಶಾಸ್ತ್ರಸಮ್ಮತವೇ ಸರಿ. ಆದರೆ ಶಾಸ್ತ್ರದಲ್ಲಿ ಪರಿಭಾಷೆಯನ್ನು ಬಲ್ಲವನೇ ಓದುವವನು. ಇಲ್ಲಿ ಮನೆಯನ್ನು ಬಿಡಬೇಕಾದವನಿಗೆ ತಿಳಿದಿರುವುದು ರೂಢ್ಯರ್ಥ ಮಾತ್ರ.

ಸ್ವತಂತ್ರ ಮೌಲ್ಯನಿರ್ಣಯ ವಿಭಾಗವು 2020ರಲ್ಲಿ ಈ ನೀತಿಯನ್ನು ಪರಾಮರ್ಶಿಸಿದ ಮೇಲೆ ಹೊಸದೊಂದು ಚೌಕಟ್ಟಿನ ರಚನೆಯು ನಡೆಯಿತು. 2023ರಲ್ಲಿ ಕರಡು ಪ್ರಕಟವಾಯಿತು. 2024ರ ನವೆಂಬರಿನಲ್ಲಿ ನಿರ್ದೇಶಕರು ಅನುಮೋದಿಸಿದರು. 2026ರ ಜನವರಿಯಿಂದ ಆಚರಣೆಗೆ ಬರತಕ್ಕದ್ದೆಂದು ವಿಧಿಸಿದರು. ಹತ್ತು ಮಾನದಂಡಗಳುಳ್ಳ ಇದರಲ್ಲಿ ಮೂಲನಿವಾಸಿಗಳ ವಿಷಯವು ಏಳನೆಯದು. 'ಮುಕ್ತವೂ ಪೂರ್ವಭಾವಿಯೂ ತಿಳಿವಳಿಕೆಯಿಂದ ಕೂಡಿದುದೂ ಆದ ಸಮ್ಮತಿ' ಎಂಬ ಪೂರ್ಣವಾಕ್ಯವು ಅಲ್ಲಿ ಸ್ಥಾನ ಪಡೆದಿದೆ.

ಇನ್ನು ನೀತಿಗೂ ಅದರ ಕೆಳಗಿನ ಬರಹಗಳಿಗೂ ಇರುವ ಭೇದ. ನಿರ್ದೇಶಕರ ನೀತಿಯು ಸೂತ್ರಸ್ಥಾನದಲ್ಲಿದೆ; ಅಧಿಕಾರಿವರ್ಗವು ಹೊರಡಿಸುವ ಕಾರ್ಯವಿಧಾನಗಳು ವೃತ್ತಿಯಂತಿವೆ; ಮಾರ್ಗದರ್ಶಿಗಳೆಂಬುವು ಟಿಪ್ಪಣಿಗಳು. ಮೊದಲೆರಡಕ್ಕೆ ಬಂಧಕತ್ವವುಂಟು, ಟಿಪ್ಪಣಿಗಿಲ್ಲ. ಆದುದರಿಂದ ಒಂದು ರಕ್ಷಣೆಯು ಸೂತ್ರದಿಂದ ಜಾರಿ ಟಿಪ್ಪಣಿಯಲ್ಲಿ ಬಿದ್ದರೆ, ಅಕ್ಷರವು ಉಳಿದೂ ಅಧಿಕಾರವು ಹೋಯಿತೆಂದೇ ತಿಳಿಯಬೇಕು. ಕರಡನ್ನು ಓದುವವರು ಮೊದಲು ಗಮನಿಸಬೇಕಾದುದು ಇದನ್ನೇ.

ಬ್ಯಾಂಕು ತನ್ನ ನೀತಿಯನ್ನು ತಾನೇ ಮೀರಿ ಹಾನಿಯಾದಲ್ಲಿ ಬಾಧಿತರಾದ ಇಬ್ಬರು ಅಥವಾ ಹೆಚ್ಚು ಮಂದಿ ಕೂಡಿ ದೂರು ಕೊಡಬಹುದು. 2003ರಲ್ಲಿ ಸ್ಥಾಪಿತವಾಗಿ 2012ರಲ್ಲಿ ಪರಿಷ್ಕೃತವಾದ ಈ ಏರ್ಪಾಡಿನಂತೆ, ಮೂವರು ಸದಸ್ಯರ ಸಮಿತಿಯು ವಿಚಾರಿಸಿ ನಿರ್ದೇಶಕ ಮಂಡಲಿಗೇ ವರದಿ ಮಾಡುತ್ತದೆ. ಬ್ಯಾಂಕಿನ ವ್ಯವಹಾರಭಾಷೆಯು ಸ್ಥಾಪನಾಪತ್ರದ ಪ್ರಕಾರ ಆಂಗ್ಲವಾದರೂ, ಸಾಲ ಪಡೆಯುವ ಸದಸ್ಯರಾಷ್ಟ್ರಗಳ ಆಡಳಿತಭಾಷೆ ಅಥವಾ ರಾಷ್ಟ್ರಭಾಷೆಗಳಲ್ಲಿ ಬರೆದ ದೂರುಗಳೂ ಸ್ವೀಕಾರಾರ್ಹವೆಂದು ಆ ನೀತಿಯಲ್ಲಿದೆ. ಕನ್ನಡವು 1963ರ ಅಧಿನಿಯಮದಿಂದ ಈ ರಾಜ್ಯದ ಆಡಳಿತಭಾಷೆ, ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಪರಿಗಣಿತವಾದುದು, ಕೇಂದ್ರದ ಆಡಳಿತಭಾಷೆಯಲ್ಲ. 'ರಾಷ್ಟ್ರಗಳ ಆಡಳಿತಭಾಷೆ' ಎಂಬಲ್ಲಿ ಷಷ್ಠೀವಿಭಕ್ತಿಯನ್ನು ರಾಷ್ಟ್ರದೊಳಗೆ ಆಡಳಿತ ನಡೆಯುವ ಭಾಷೆಯೆಂದು ಗ್ರಹಿಸಿದರೆ ಕನ್ನಡದ ದೂರು ಸಲ್ಲುತ್ತದೆ. ಕೇಂದ್ರಸರಕಾರದ ಭಾಷೆಯೆಂದು ಮಾತ್ರ ಗ್ರಹಿಸಿದರೆ ಸಲ್ಲದು. ಎರಡು ಅರ್ಥಗಳಿಗೂ ಆ ವಾಕ್ಯದಲ್ಲಿ ಅವಕಾಶವುಂಟು.